ದಿನಾ ಓಡಿಸೋ ಕಾರಿಗೆ ರೇಸ್ ಇಂಜಿನ್ ಬೇಡ

ಕಳೆದ ವರ್ಷ ಜುಲೈನಲ್ಲಿ, ಇಂಗ್ಲೆಂಡಿನ ಬ್ರಾಡ್‌ವೇ ಊರಿನ ಪಕ್ಕದ ಫಿಶ್ ಹಿಲ್ ಏರುವಾಗ ನನ್ನ ಹಳೇ ಎಂಜಿಬಿ ಕಾರಿನ ಮೂರನೇ ಪಿಸ್ಟನ್ ಹೋಯಿತು. ಹೋಗುವ ಮೊದಲು ಇಂಜಿನ್ ಸೂಚನೆ ಕೊಟ್ಟಿತ್ತು. ತಗಡಿನ ಡಬ್ಬಿಯಲ್ಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಸದ್ದು. ನಾಕಿಂಗ್, ಅಂದರೆ ಒತ್ತಡ, ಬಿಸಿ ಜಾಸ್ತಿಯಾಗಿ ಪೆಟ್ರೋಲ್ ತಾನೇ ಸಿಡಿಯೋದು. ನಾನು ಕೇಳಿಸಿಕೊಂಡೆ, ಆದರೂ ಅದೇ ಗೇರಿನಲ್ಲಿ ಒತ್ತಿದೆ. ಇಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ಎರಡು ರಿಂಗುಗಳ ನಡುವಿನ ಅಂಚು ಚೂರಾಗಿತ್ತು.

ನನ್ನ ಊರು ಚಿಕ್ಕಮಗಳೂರು. ಕೊವೆಂಟ್ರಿಗೆ ಬಂದು ಹದಿನಾರು ವರ್ಷ ಆಯಿತು. ಅಪ್ಪ ಪೆಟ್ರೋಲ್ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಮಂಗಳೂರಿಂದ ವಾಪಸ್ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಈ ಸದ್ದು ಒಂದು ಸಲ ಕೇಳಿಸಿದರೆ ಸಾಕು, ಅವರ ಕೈ ತಾನೇ ಗೇರಿಗೆ ಹೋಗುತ್ತಿತ್ತು. ಅವರ ಪಕ್ಕ ಕೂತು ಬೆಳೆದವನು ನಾನು. ಅಷ್ಟಾಗಿಯೂ ಹೀಗೆ ಮಾಡಿದೆ ಅನ್ನೋದು ಇವತ್ತಿಗೂ ಬೇಜಾರು.

ಕಾರಿನ ವಿಷಯ ಸ್ವಲ್ಪ ಹೇಳಬೇಕು. ಎಂಜಿಬಿ ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. 5 ಲಕ್ಷಕ್ಕೂ ಜಾಸ್ತಿ ಕಾರುಗಳು ಹೊರಬಂದವು. ನನ್ನದು 1968ರದ್ದು. ಕಂಪನಿ ಕೊಟ್ಟಾಗ 1798 ಸಿಸಿ, ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲ್ ಎಷ್ಟು ಪಟ್ಟು ಅದುಮಿಸಿಕೊಳ್ಳುತ್ತದೆ ಅನ್ನೋ ಲೆಕ್ಕ) 8.8ಕ್ಕೆ 1. ನನ್ನ ಕೈಗೆ ಬರುವ ಹೊತ್ತಿಗೆ ಅದು ಹಾಗಿರಲಿಲ್ಲ. ಹಿಂದಿನವರು ರೇಸಿಗೆ ಅಂತ ಬೋರ್, ಅಂದರೆ ಸಿಲಿಂಡರಿನ ಅಗಲ, ದೊಡ್ಡದು ಮಾಡಿಸಿ 1845 ಸಿಸಿಗೆ ತಂದಿದ್ದರು. ಸಿಲಿಂಡರ್ ಮುಚ್ಚುವ ಹೆಡ್ ತುಂಬಾ ಫೇಸಿಂಗ್ (ತಳ ಉಜ್ಜಿ ಸಮ ಮಾಡೋದು) ಆಗಿತ್ತು, ಪಿಸ್ಟನ್ ತಲೆ ಚಪ್ಪಟೆ, ವಾಲ್ವ್ ತೆರೆಯುವ ಕ್ಯಾಮ್ ರೇಸಿನದು. ಕಂಪ್ರೆಶನ್ 10.6. ಒಂದು ಗ್ಯಾರೇಜಿಗೆ ತೋರಿಸಿದಾಗ "ಸೂಪರ್ ಪೆಟ್ರೋಲ್ ಹಾಕಿ, ಏನೂ ಆಗಲ್ಲ" ಅಂದರು. ನಾನು ಅದನ್ನೇ ನಂಬಿ ಆಫೀಸಿಗೆ ಓಡಿಸಿದೆ.

ಈ ಇಂಜಿನ್ ನನಗೆ ಹೊಸದಲ್ಲ. ಅಪ್ಪನ ಅಂಬಾಸಿಡರ್‌ನ 1489 ಸಿಸಿ ಇಂಜಿನ್ ಮತ್ತು ಎಂಜಿಬಿ ಇಂಜಿನ್, ಎರಡೂ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಮನೆತನದವು. ಬೋರ್ ಮಾತ್ರ ಬೇರೆ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಎರಡಕ್ಕೂ 88.9 ಮಿಲಿಮೀಟರ್. ಮೊದಲ ಸಲ ಬಾನೆಟ್ ಎತ್ತಿದಾಗ ಕಾರ್ಬುರೇಟರ್ ಕಡೆಯಿಂದ ಪುಶ್‌ರಾಡ್ ಕವರ್‌ವರೆಗೆ ಎಲ್ಲ ಗುರುತು ಸಿಕ್ಕಿತು. ಒಂದು ಘಾಟಿ ಹತ್ತೋಕೆ, ಇನ್ನೊಂದು ಹುಮ್ಮಸ್ಸಿನಿಂದ ಓಡೋಕೆ, ಅಷ್ಟೇ ವ್ಯತ್ಯಾಸ.

ಎರಡೂ ಕಡೆಯ ರೀತಿ ಬೇರೆ ಆಗೋದು ಇಲ್ಲಿಂದ. ನಮ್ಮೂರ ಮೆಕ್ಯಾನಿಕ್ ಸಾಬರು ಇಂಜಿನ್ ಇಳಿಸುವ ಮೊದಲು ಅಪ್ಪನನ್ನು ಕೇಳುತ್ತಿದ್ದ ಮಾತು ನನಗೆ ಬಾಯಿಪಾಠ. "ಘಾಟಿಗೆ ದಿನಾ ಹೋಗ್ತೀರಾ ಅಣ್ಣಾ? ಎಷ್ಟು ಜನ ಹತ್ತಿಸ್ತೀರಾ? ಪೆಟ್ರೋಲ್ ಎಲ್ಲಿ ಹಾಕಿಸ್ತೀರಾ?" ಆಮೇಲೆ ಸ್ಪಾನರ್ ಹಿಡಿಯೋದು. ಇಲ್ಲಿ ನಾನು ಹೋದ ಮೂರು ಕಡೆಯೂ ಮೊದಲ ಪ್ರಶ್ನೆ ಒಂದೇ: ಎಷ್ಟು ಪವರ್ ಬೇಕು? ದಿನಾ ಓಡಿಸುವ ಗಾಡಿಗೆ ಸಾಬರ ಪ್ರಶ್ನೆಗಳೇ ಸರಿ ಅಂತ ನಾನು ಈಗ ಗಟ್ಟಿಯಾಗಿ ಹೇಳುತ್ತೇನೆ, ಯಾಕಂದರೆ ಇಂಜಿನ್ನಿನ ಒಳಗಿನ ಒಂದೊಂದು ಅಳತೆಯೂ ಆ ಉತ್ತರಗಳ ಮೇಲೆ ನಿಂತಿರುತ್ತದೆ.

ಪೆಟ್ರೋಲನ್ನೇ ನೋಡಿ. ಆಗ ನಮ್ಮ ಕಡೆ ಸಿಗುತ್ತಿದ್ದ ಪೆಟ್ರೋಲಿನ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಕಮ್ಮಿ, ಅದಕ್ಕೆ ತಕ್ಕ ಹಾಗೆ ಅಂಬಾಸಿಡರ್ ಕಂಪ್ರೆಶನ್ ಕೂಡ ಕಮ್ಮಿ. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಫೈವ್ ಸ್ಟಾರ್ ಅಂತ 100 ಆಕ್ಟೇನಿನ ಸೀಸದ ಪೆಟ್ರೋಲ್ ಬಂಕಿನಲ್ಲೇ ಸಿಗುತ್ತಿತ್ತು. ಈಗ ಮಾಮೂಲಿ ಪೆಟ್ರೋಲ್ 95, ಅದರಲ್ಲೂ 2021ರ ಸೆಪ್ಟೆಂಬರ್‌ನಿಂದ ಶೇಕಡಾ 10ರವರೆಗೆ ಎಥೆನಾಲ್. ಸೂಪರ್ ಅಂದರೆ 97ರಿಂದ 99. ಅದು ಎಲ್ಲ ಬಂಕಿನಲ್ಲಿ ಇರಲ್ಲ. ರಾತ್ರಿ ಹತ್ತು ಗಂಟೆಗೆ ಮಳೆಯಲ್ಲಿ ಸಿಕ್ಕ ಬಂಕಿನಲ್ಲಿ ಸಿಕ್ಕ ಪೆಟ್ರೋಲ್ ಹಾಕಿಸಿಕೊಂಡು ಮನೆಗೆ ಬರಬೇಕು, ಅದು ದಿನಬಳಕೆ.

ಹಾಗಾದರೆ ಕಂಪ್ರೆಶನ್ ಇಳಿಸಿದರೆ ಮುಗಿಯಿತಾ? ಇಲ್ಲ. ಕ್ಯಾಮ್ ಮತ್ತು ಕಂಪ್ರೆಶನ್ ಗಂಡ ಹೆಂಡತಿ ಇದ್ದ ಹಾಗೆ, ಒಬ್ಬರನ್ನು ಬಿಟ್ಟು ಇನ್ನೊಬ್ಬರ ವಿಷಯ ಮಾತಾಡೋಕೆ ಆಗಲ್ಲ. ಪಿಸ್ಟನ್ ಕೆಳಗೆ ಹೋಗಿ ಮತ್ತೆ ಮೇಲೆ ಬರಲು ಶುರು ಮಾಡಿದ ಮೇಲೂ ಇನ್‌ಲೆಟ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಎಂಜಿಬಿಯ ಮೂಲ ಕ್ಯಾಮ್‌ನಲ್ಲಿ, ಪಿಸ್ಟನ್ ತಳ ಮುಟ್ಟಿದ ಮೇಲೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಇನ್ನೂ 56 ಡಿಗ್ರಿ ತಿರುಗಿದಾಗ ಮುಚ್ಚುತ್ತದೆ. ನನ್ನ ರೇಸ್ ಕ್ಯಾಮ್‌ನಲ್ಲಿ 70 ದಾಟಿತ್ತು. ಅಷ್ಟು ಹೊತ್ತು ತೆರೆದಿದ್ದರೆ ನಿಧಾನಕ್ಕೆ ಹೋಗುವಾಗ ಒಳಗೆ ಬಂದ ಗಾಳಿ-ಪೆಟ್ರೋಲ್ ವಾಪಸ್ ಹೊರಗೆ ಹೋಗುತ್ತದೆ. ಹಾಗಾಗಿ ಕೆಳಗಿನ ಆರ್‌ಪಿಎಂನಲ್ಲಿ 10.6 ಅನ್ನೋದು ಬರೀ ಕಾಗದದ ಮೇಲಿನ ಲೆಕ್ಕ, ಪಿಕಪ್ಪೇ ಇರಲ್ಲ, ಐಡ್ಲಿಂಗ್ 1200ಕ್ಕಿಂತ ಕೆಳಗೆ ನಿಲ್ಲಲ್ಲ. ಮೇಲೆ ಹೋದಂತೆ ಸಿಲಿಂಡರ್ ಪೂರ್ತಿ ತುಂಬುತ್ತದೆ, ಆಗ ಬೇಸಿಗೆ, ಏರು, ಪೂರ್ತಿ ಆಕ್ಸಿಲರೇಟರ್ ಎಲ್ಲ ಸೇರಿದರೆ ಫಿಶ್ ಹಿಲ್‌ನಲ್ಲಿ ಆದ ಕಥೆ ಆಗುತ್ತದೆ. ಇಲ್ಲಿ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ರಸ್ತೆಗೆ ಒಗ್ಗಲಿ ಅಂತ ಕ್ಯಾಮ್ ಮಾತ್ರ ಬದಲಿಸಿ ಕಂಪ್ರೆಶನ್ ಹಾಗೇ ಬಿಡುತ್ತಾರೆ. ವಾಲ್ವ್ ಬೇಗ ಮುಚ್ಚುತ್ತದೆ, ಒಳಗೆ ಜಾಸ್ತಿ ಉಳಿಯುತ್ತದೆ, ನಾಕಿಂಗ್ ಮೊದಲಿಗಿಂತ ಜಾಸ್ತಿ ಆಗುತ್ತದೆ. ನಾನು ಕ್ಯಾಮ್ ಮೂಲ ಅಳತೆಯದೇ ಹಾಕಿದೆ, ಕಂಪ್ರೆಶನ್ 9.2ಕ್ಕೆ ಇಳಿಸಿದೆ.

ಅದನ್ನು ಇಳಿಸಿದ ರೀತಿಯಲ್ಲಿ ಮಾತ್ರ ಈ ದೇಶದವರಿಗೆ ಕೈ ಮುಗಿಯಬೇಕು. ಒಂದು ಸಿಲಿಂಡರ್ 461 ಸಿಸಿ. ಮೇಲೆ ಉಳಿಯುವ ಜಾಗ 48 ಸಿಸಿ ಇದ್ದರೆ 10.6, 56 ಸಿಸಿ ಇದ್ದರೆ 9.2. ಅಂದರೆ ಬೇಕಾಗಿದ್ದು ಬರೀ 8 ಸಿಸಿ, ಒಂದೂವರೆ ಟೀ ಚಮಚ. ನಮ್ಮೂರಲ್ಲಿ ಫೇಸಿಂಗ್ ಮಾಡಿ ಮಾಡಿ ಹೆಡ್ ಸವೆದಿದ್ದರೆ ಎರಡು ಗ್ಯಾಸ್ಕೆಟ್ ಹಾಕಿ ಬಿಗಿಯುತ್ತಿದ್ದರು. ಲೆಕ್ಕಕ್ಕೆ ಜಾಗ ಸಿಗುತ್ತದೆ ನಿಜ. ಆದರೆ ಹೆಡ್ಡಿನ ಚಪ್ಪಟೆ ಭಾಗಕ್ಕೆ ಪಿಸ್ಟನ್ ಹತ್ತಿರ ಬಂದಾಗಲೇ ಅಲ್ಲಿನ ಗಾಳಿ ಒಳಕ್ಕೆ ನುಗ್ಗಿ ಚೆನ್ನಾಗಿ ಬೆರೆಯುವುದು, ಬೇಗ ಉರಿಯುವುದು. ದಪ್ಪ ಗ್ಯಾಸ್ಕೆಟ್ ಹಾಕಿದರೆ ಆ ಅಂತರ ಹೆಚ್ಚಾಗಿ ಈ ಲಾಭ ಹೋಗುತ್ತದೆ. ಕಂಪ್ರೆಶನ್ ಇಳಿದರೂ ನಾಕಿಂಗ್ ಅಷ್ಟು ಇಳಿಯಲ್ಲ. ಇಲ್ಲಿ ನನಗೆ ಕೆಲಸ ಮಾಡಿಕೊಟ್ಟ ಹಿರಿಯರು ತಲೆಯಲ್ಲಿ ಗುಳಿ ಇರುವ ಪಿಸ್ಟನ್ ಹಾಕಿಸಿದರು. ಅದರಿಂದ ಆರೂವರೆ ಸಿಸಿ ಬಂತು. ಉಳಿದದ್ದಕ್ಕೆ ಹೆಡ್ಡಿನ ಒಳಗೆ ವಾಲ್ವ್ ಸುತ್ತಲಿನ ಅಂಚನ್ನು ನಯವಾಗಿ ಉಜ್ಜಿದರು. ಹೆಡ್ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ಇಟ್ಟು, ಬ್ಯೂರೆಟ್‌ನಿಂದ (ಗೆರೆ ಹಾಕಿದ ಅಳತೆಯ ಗಾಜಿನ ಕೊಳವೆ) ಸೀಮೆಎಣ್ಣೆ ಬಿಟ್ಟು ನಾಲ್ಕೂ ಕಡೆ ಅಳೆದರು. ಒಂದರಲ್ಲಿ ಅರ್ಧ ಸಿಸಿ ಕಮ್ಮಿ ಬಂದಾಗ ಮತ್ತೆ ಉಜ್ಜಿದರು. ಇಡೀ ಶನಿವಾರ ಹೋಯಿತು. ಸಾಬರು ನೋಡಿದ್ದರೆ ಎಷ್ಟು ಖುಷಿ ಪಡುತ್ತಿದ್ದರೋ ಅಂತ ಅವತ್ತು ತುಂಬಾ ಅನ್ನಿಸಿತು. ಅವರಿಗೆ ಕೈಯಿತ್ತು, ಕಿವಿಯಿತ್ತು, ಬ್ಯೂರೆಟ್ ಯಾರೂ ಕೊಡಲಿಲ್ಲ.

ಉಳಿದ ಕೆಲಸ ಬೇಗ ಆಯಿತು. ಹಿಂದಿನವರು ಹಾಕಿಸಿದ್ದ ವೆಬರ್ ಕಾರ್ಬುರೇಟರ್ ತೆಗೆದು ಕಾರಿನ ಮೂಲದ ಎರಡು ಎಸ್‌ಯು ಕಾರ್ಬುರೇಟರ್ ವಾಪಸ್ ಹಾಕಿದೆ. ವಾಲ್ವ್ ಕೂರುವ ಜಾಗ ಸವೆಯದಂತೆ ಕಾಯುತ್ತಿದ್ದ ಸೀಸದ ಪೆಟ್ರೋಲ್ 2000ನೇ ಇಸವಿಯಿಂದ ಇಲ್ಲಿ ಇಲ್ಲ, ಅದಕ್ಕೆ ಎಕ್ಸಾಸ್ಟ್ ವಾಲ್ವ್‌ಗೆ ಗಟ್ಟಿ ಸೀಟು ಕೂರಿಸಿಯಾಯಿತು. ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಡೆಯುವ ರಬ್ಬರಿಗೆ ಬದಲಿಸಿದೆ. ಊರಲ್ಲಿ ಹಳೇ ಗಾಡಿ ಇಟ್ಟುಕೊಂಡವರೂ ದಯವಿಟ್ಟು ಇದನ್ನು ಮಾಡಿ, ಅಲ್ಲೀಗ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ರೇಸಿನದಕ್ಕೆ ವ್ಯಾಕ್ಯೂಮ್ ಅಡ್ವಾನ್ಸ್ (ಕಿಡಿಯ ಸಮಯ ತಾನೇ ಹೊಂದಿಸುವ ಭಾಗ) ಇರಲಿಲ್ಲ. ಅದು ಇದ್ದರೆ ಹಗುರವಾಗಿ ಓಡಿಸುವಾಗ ಕಿಡಿ ಮುಂಚೆ ಬರುತ್ತದೆ, ಏರಿನಲ್ಲಿ ಒತ್ತಿದ ತಕ್ಷಣ ತಾನೇ ಹಿಂದೆ ಸರಿಯುತ್ತದೆ. ಘಾಟಿಯ ಬುಡದಲ್ಲಿ ಅಪ್ಪ ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದದ್ದು ಯಾಕೆ ಅಂತ ಇದು ತಿಳಿದ ಮೇಲೆ ಅರ್ಥವಾಯಿತು: ಏರಿನಲ್ಲಿ ಕಿಡಿ ಸ್ವಲ್ಪ ತಡವಾಗಿ ಬರಲಿ ಅಂತ.

ಇಲ್ಲಿನ ಗೆಳೆಯರು ಕೆಲವರು ಬೇಜಾರು ಮಾಡಿಕೊಂಡರು. ಒಳ್ಳೆ ಇಂಜಿನ್ ಹಾಳು ಮಾಡಿದೆ, ಹತ್ತು ಕುದುರೆ ಶಕ್ತಿ ಕಳೆದೆ ಅಂತ. ಕಳೆದೆ, ಒಪ್ಪುತ್ತೇನೆ. ಆ ಹತ್ತು ಇದ್ದದ್ದು 5500 ಆರ್‌ಪಿಎಂ ಆಚೆ. ನಾನು ದಿನಾ ಇರೋದು 1500ರಿಂದ 3500ರ ಒಳಗೆ, ಲಾರಿಗಳ ಹಿಂದೆ, ರೌಂಡ್‌ಅಬೌಟ್‌ಗಳಲ್ಲಿ. ಅಲ್ಲಿ ಕಾರು ಈಗ ಎಷ್ಟು ಚೆನ್ನಾಗಿ ಎಳೆಯುತ್ತದೆ ಅಂದರೆ, ಮೂರನೇ ಗೇರಿನಲ್ಲಿ ನಡೆಯುವ ವೇಗಕ್ಕೆ ಇಳಿದರೂ ಗೊಣಗದೆ ಎತ್ತಿಕೊಳ್ಳುತ್ತದೆ. ಐಡ್ಲಿಂಗ್ 800. ರೇಸಿಗೆ ಓಡಿಸುವವರು ಕಂಪ್ರೆಶನ್ 11 ಇಟ್ಟುಕೊಳ್ಳಲಿ, ಅವರ ದಾರಿ ಅದು, ಪ್ರತಿ ಓಟದ ನಂತರ ಬಿಚ್ಚಿ ನೋಡುತ್ತಾರೆ. ನನಗೆ ಸೋಮವಾರ ಬೆಳಿಗ್ಗೆ ಏಳೂವರೆಗೆ ಸ್ಟಾರ್ಟ್ ಆಗಬೇಕು.

ಹೊಸ ಕ್ಯಾಮ್ ಪಳಗಲಿ ಅಂತ ಸತು ಜಾಸ್ತಿ ಇರುವ 20ಡಬ್ಲ್ಯು-50 ಆಯಿಲ್ ಹಾಕಿ, ಮೊದಲ ಸ್ಟಾರ್ಟ್‌ಗೇ ಇಪ್ಪತ್ತು ನಿಮಿಷ 2000 ಆರ್‌ಪಿಎಂ ಮೇಲೆ ಓಡಿಸಿದೆ. ಸಾವಿರ ಮೈಲಿ ಆದ ಮೇಲೆ ಮೊನ್ನೆ ಭಾನುವಾರ ಮತ್ತೆ ಫಿಶ್ ಹಿಲ್‌ಗೆ ಹೋದೆ. ಬೇಕಂತಲೇ 95 ಪೆಟ್ರೋಲ್, ಬೇಕಂತಲೇ ನಾಲ್ಕನೇ ಗೇರು. ಅರ್ಧ ಏರಿನಲ್ಲಿ ಕಿಟಕಿ ಇಳಿಸಿ ಕಿವಿ ಕೊಟ್ಟೆ. ಎಕ್ಸಾಸ್ಟ್ ಸದ್ದು, ಟ್ಯಾಪೆಟ್ ಸದ್ದು, ಗಾಳಿ. ಕಟಕಟ ಇರಲಿಲ್ಲ. ತುದಿ ಹತ್ತಿರ ವೇಗ ಕುಗ್ಗಿತು, ಆಗ ಮೂರನೇ ಗೇರಿಗೆ ಹಾಕಿದೆ.