ಸತ್ಯಾಂಶ: ಮುಚ್ಚಿದ ಕಿಟಕಿಗೆಲ್ಲ ತೆರಿಗೆಯೇ ಕಾರಣವಲ್ಲ
ಇಂಗ್ಲೆಂಡಿನ ಹಳೆಯ ಕಲ್ಲಿನ ಬಂಗಲೆಗಳಲ್ಲಿ ಮುಚ್ಚಿದ ಕಿಟಕಿಗಳೆಲ್ಲ ತೆರಿಗೆ ತಪ್ಪಿಸಲು ಮುಚ್ಚಿದ್ದು ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ನಂಬುವಂಥ ಕಥೆಯೇ. ಮನೆಯಲ್ಲಿ ಎಷ್ಟು ಕಿಟಕಿ ಇವೆ ಎಂದು ಎಣಿಸಿ ಹಾಕುತ್ತಿದ್ದ ಕಿಟಕಿ ತೆರಿಗೆ 1696ರಲ್ಲಿ ಬಂತು, 1851ರಲ್ಲಿ ರದ್ದಾಯಿತು. ಕೆಲವರು ಕಿಟಕಿ ಮುಚ್ಚಿಸಿದ್ದೂ ನಿಜ. ‘ಎಲ್ಲ’ ಅನ್ನುವುದು ಮಾತ್ರ ತಪ್ಪು.

18ನೇ ಶತಮಾನದಲ್ಲಿ ಮನೆಯ ಮುಂಭಾಗ ಎಡಕ್ಕೂ ಬಲಕ್ಕೂ ಒಂದೇ ಥರ ಕಾಣಬೇಕೆಂಬ ಆಸೆ ಜಾಸ್ತಿ ಇತ್ತು. ಒಳಗೆ ಹೊಗೆಗೂಡೋ ಅಡ್ಡಗೋಡೆಯೋ ಬಂದ ಕಡೆ, ಕಟ್ಟುವಾಗಲೇ ಕಿಟಕಿಯ ಆಕಾರವನ್ನಷ್ಟೇ ಮಾಡಿ ಬಿಡುತ್ತಿದ್ದರು.

ಅಂಥ ಸಂದೇಶದ ಜೊತೆ ಫೋಟೊ ಬಂದರೆ ದೊಡ್ಡದು ಮಾಡಿ ನೋಡಿ. ಮುಚ್ಚಿದ ಕಿಟಕಿಯ ನೇರ ಮೇಲೆ ಚಿಮಣಿ ಇದೆಯಾ? ಮುಚ್ಚಿದ ಕಲ್ಲಿನ ಸಾಲು ಗೋಡೆಯ ಸಾಲಿಗೆ ಹೊಂದುತ್ತದಾ? ಹಾಗಿದ್ದರೆ ಅದು ಮೊದಲಿಂದಲೂ ಹಾಗೇ ಇದ್ದಿರುವ ಸಾಧ್ಯತೆ ಹೆಚ್ಚು. ಮನೆ ಕಟ್ಟಿದ ಕಾಲವನ್ನೂ ಹುಡುಕಿ. ಇಂಗ್ಲೆಂಡಿನ ಸಂರಕ್ಷಿತ ಕಟ್ಟಡಗಳ ಪಟ್ಟಿ ಆನ್‌ಲೈನ್‌ನಲ್ಲೇ ಸಿಗುತ್ತದೆ. 1851ರ ನಂತರದ ಮನೆಯಾದರೆ ತೆರಿಗೆಯ ಮಾತೇ ಬರುವುದಿಲ್ಲ.