ಗೇಟ್ ಸಿಕ್ಕನಂತೆ

ಮಧ್ಯಾಹ್ನ ಉಂಡು ಇನ್ನೇನು ಕಣ್ಣು ಹತ್ತಬೇಕು, ಆಗ ಫೋನು. ಗೊತ್ತಿಲ್ಲದ ನಂಬರು. ಎತ್ತಿದರೆ ಆ ಕಡೆಯಿಂದ ಮೊದಲು ಒಂದು ದೊಡ್ಡ ನಗು, ಆಮೇಲೆ, "ಯಾರು ಹೇಳಲೇ ನೋಡಾನ?" ಸಾಲ ಬೇಕಾ ಅಂತ ಕೇಳುವ ಬ್ಯಾಂಕಿನ ಹುಡುಗಿ ಕೂಡ ತನ್ನ ಹೆಸರು ಹೇಳಿಯೇ ಮಾತು ಶುರು ಮಾಡುತ್ತಾಳೆ. ಕಾಲೇಜಿನಲ್ಲಿ ಜೊತೆಗೆ ಓದಿದವರಿಗೆ ಆ ಹಂಗಿಲ್ಲ. ಮೂವತ್ತು ವರ್ಷ ಕೇಳದ ದನಿಯನ್ನು ನಾವು ಥಟ್ಟನೆ ಗುರುತು ಹಿಡಿಯಬೇಕು. ಹಿಡಿಯದಿದ್ದರೆ "ದೊಡ್ಡ ಮನುಷ್ಯ ಆಗಿಬಿಟ್ಟೆ ಬಿಡಪ್ಪಾ" ಎಂಬ ಕುಟುಕು. ನಾನು ದೊಡ್ಡ ಮನುಷ್ಯ ಆಗಿದ್ದರೆ ಈ ಫೋನನ್ನು ಎತ್ತೋಕೆ ಬೇರೆ ಯಾರನ್ನಾದರೂ ಇಟ್ಟುಕೊಂಡಿರುತ್ತಿದ್ದೆ.

ಈ ಕಾಟ ಶುರುವಾದದ್ದು ನಮ್ಮ 1994ರ ಬ್ಯಾಚಿನ ವಾಟ್ಸಾಪ್ ಗ್ರೂಪು ಹುಟ್ಟಿದ ಮೇಲೆ. ಹಾಗಂತ ಅದಕ್ಕೂ ಮೊದಲು ಹಳೆಯ ಗೆಳೆಯರ ಸುದ್ದಿ ಬರುತ್ತಿರಲಿಲ್ಲ ಎಂದೇನಲ್ಲ. ಬರುತ್ತಿತ್ತು, ಕಂತಿನ ಮೇಲೆ. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಊರು ಬಿಟ್ಟವರೆಲ್ಲ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರೆ. ಗುಡಿಯ ದಾರಿಯಲ್ಲಿ ಎದುರು ಸಿಕ್ಕವನು "ಅವನಿಗೆ ಹೆಣ್ಣು ಗೊತ್ತಾಗಿದೆಯಂತೆ" ಎಂದರೆ, ಮುಂದಿನ ಜಾತ್ರೆಗೆ "ಅವಳಿ ಜವಳಿಯಂತೆ" ಎಂದು ಗೊತ್ತಾಗುತ್ತಿತ್ತು. ನಡುವಿನ ಎರಡು ವರ್ಷ ಅವನ ಸಂಸಾರವನ್ನು ನಮಗೆ ತೋಚಿದ ಹಾಗೆ ನಡೆಸಿಕೊಳ್ಳುವ ಸ್ವಾತಂತ್ರ್ಯ ನಮ್ಮದು. ಈಗ ಅವನ ಮಗಳ ಸಿಇಟಿ ರ‍್ಯಾಂಕು, ಹೆಂಡತಿಯ ಥೈರಾಯ್ಡು, ಮಾಳಿಗೆ ಮೇಲೆ ಕೂರಿಸಿದ ಸೋಲಾರು ಎಲ್ಲವೂ ನಾನು ಹಲ್ಲುಜ್ಜುವ ಮೊದಲೇ ಬಂದು ಬಿದ್ದಿರುತ್ತವೆ, ಗುಲಾಬಿ ಹೂವಿನ ಶುಭೋದಯದ ಜೊತೆಗೆ.

ಇನ್ನೊಂದು ಮಾತು. ನಾವು ಓದುವಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂಕಪಟ್ಟಿ ಬರುತ್ತಿದ್ದುದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಿಂದ, ಊರಿಗೇ ಒಂದು ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ. ಜಿಲ್ಲೆ ಬದಲಾಗಿದೆ, ಯೂನಿವರ್ಸಿಟಿ ಬದಲಾಗಿದೆ, ಹತ್ತಿ ಮಿಲ್ಲುಗಳ ಸೈರನ್ನು ನಿಂತಿದೆ. ಆದರೂ ಗ್ರೂಪಿಗೆ ಯಾರು ಫೋಟೊ ಹಾಕಿದರೂ ಕೆಳಗೆ ಇಪ್ಪತ್ತು ಜನ ಬರೆಯುತ್ತಾರೆ: "ನೀನು ಸ್ವಲ್ಪಾನೂ ಬದಲಾಗಿಲ್ಲ ಬಿಡು." ತಲೆ ನುಣ್ಣಗಾದವನಿಗೂ ಅದೇ, ಹೊಟ್ಟೆ ಬಂದು ಬೆಲ್ಟು ಕಾಣದವನಿಗೂ ಅದೇ.

ಗೇಟ್‌ನ ವಿಷಯಕ್ಕೆ ಬರುತ್ತೇನೆ. ಅಸಲಿಗೆ ಹೇಳಬೇಕೆಂದುಕೊಂಡದ್ದು ಬೇರೆ ಇತ್ತು, ಇರಲಿ.

ನಮ್ಮ ಕ್ಲಾಸಿನಲ್ಲಿ ಒಬ್ಬನಿದ್ದ. ದಿನಾ ತಡ. ಬಾಗಿಲಲ್ಲಿ ನಿಂತು, ಏದುಸಿರು ಬಿಡುತ್ತಾ, "ಗೇಟ್ ಹಾಕಿತ್ತು ಸಾರ್" ಎನ್ನುತ್ತಿದ್ದ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ದಾವಣಗೆರೆಯವರ ಸಕಲ ವಿಳಂಬಗಳಿಗೂ ಒಪ್ಪಿತವಾದ ಕಾರಣ. ಅಲ್ಲಿ ಸೈಕಲ್ಲು, ಲೂನಾ, ಹಮಾಲರ ಕೈಗಾಡಿ, ಎತ್ತಿನ ಗಾಡಿ ಎಲ್ಲ ಎರಡೂ ಕಡೆ ಜಮಾಯಿಸಿ, ಗೇಟು ಎದ್ದದ್ದೇ ತಡ ಎರಡೂ ಕಡೆಯವರು ಒಟ್ಟಿಗೇ ನುಗ್ಗಿ, ರೈಲು ಹೋದ ಮೇಲೂ ಕಾಲು ಗಂಟೆ ಯಾರೂ ಅಲ್ಲಾಡದ ಹಾಗೆ ಆಗುತ್ತಿದ್ದುದನ್ನು ಮೇಷ್ಟ್ರುಗಳೂ ಅನುಭವಿಸಿದವರೇ. ಹಾಗಾಗಿ ಮರುಮಾತಿಲ್ಲದೆ ಒಳಗೆ ಬಿಡುತ್ತಿದ್ದರು. ಇವನ ಮನೆ ಹಳಿಯ ಈಚೆಗೆ, ಕಾಲೇಜಿನ ಕಡೆಗೇ ಇತ್ತು ಎಂದು ಗೊತ್ತಾದದ್ದು ಕೊನೆಯ ವರ್ಷದಲ್ಲಿ. ಅಷ್ಟು ಹೊತ್ತಿಗೆ ಅವನ ನಿಜವಾದ ಹೆಸರು ಎಲ್ಲರ ಬಾಯಿಂದ ಅಳಿಸಿಹೋಗಿ 'ಗೇಟ್' ಒಂದೇ ಉಳಿದಿತ್ತು.

ಗ್ರೂಪಿನ ಅಡ್ಮಿನ್ ಮಂಡಿಪೇಟೆಯಲ್ಲಿ ಅಂಗಡಿ ಇಟ್ಟವನು. ಬಾಕಿ ವಸೂಲಿಯ ಶಿಸ್ತಿನಲ್ಲೇ ಒಬ್ಬೊಬ್ಬರನ್ನೂ ಹುಡುಕಿ ಹಿಡಿದ. ಗೇಟ್ ಮಾತ್ರ ಸಿಗಲಿಲ್ಲ. ಅವರಪ್ಪ ಮಿಲ್ಲಿನಲ್ಲಿದ್ದರು, ಮಿಲ್ಲು ಮುಚ್ಚಿದ ಮೇಲೆ ಊರು ಬಿಟ್ಟರು ಎಂದ ಒಬ್ಬ. ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿದ್ದಾನೆ ಎಂದ ಇನ್ನೊಬ್ಬ. ಮಸ್ಕತ್ತಿನಲ್ಲಿ ಎಂದು ಮತ್ತೊಬ್ಬ. ಧರ್ಮಸ್ಥಳದಲ್ಲಿ ತಲೆ ಬೋಳಿಸಿಕೊಂಡು ಹೋಗುತ್ತಿದ್ದುದನ್ನು ಕಂಡೆ, ಕೂಗುವಷ್ಟರಲ್ಲಿ ಮಾಯವಾದ ಎಂದವನೂ ಇದ್ದ. ಒಂದು ರಾತ್ರಿ ಯಾರೋ "ಅವನು ಹೋಗಿಬಿಟ್ಟನಂತೆ" ಎಂದು ಹಾಕಿದರು. ಮಲಗುವುದರೊಳಗೆ ಮುಗಿದ ಕೈಗಳ ಸಾಲು, ಓಂ ಶಾಂತಿ. ಬೆಳಗ್ಗೆ ನೋಡಿದರೆ ಹೋದದ್ದು ಬೇರೆ ಬ್ಯಾಚಿನವನು. ಮುಗಿದ ಕೈಗಳನ್ನೆಲ್ಲ ಒಂದೊಂದಾಗಿ ಅಳಿಸಿದರು.

ಕೊನೆಗೆ ಬೆಂಗಳೂರಿನ ಗೆಳೆಯನೊಬ್ಬನ ಫೋನಿನಲ್ಲಿ 'ಗೇಟ್ ದಾವಣಗೆರೆ' ಎಂಬ ನಂಬರು ಸಿಕ್ಕಿತು. ಯಾವಾಗ, ಯಾಕೆ ಹಾಕಿಕೊಂಡದ್ದೋ ಅವನಿಗೇ ನೆನಪಿಲ್ಲ. ಅಡ್ಮಿನ್ ಅಲ್ಲೇ ಫೋನು ಹಚ್ಚಿದ.

"ಲೇ, ಗೇಟ್ ಅಲ್ವೇನಲೇ?"

"ಹೌದ್ರಿ ಸಾರ್, ಗೇಟೇ. ಹೇಳ್ರಿ."

"ನಾನ್ಯಾರು ಹೇಳು ನೋಡಾನ?"

"ನಿಮ್ಮನ್ನ ಮರೆಯಾಕಾಗುತ್ತೇನ್ರಿ!"

ಅಡ್ಮಿನ್‌ಗೆ ಗಂಟಲು ಕಟ್ಟಿತಂತೆ. ಐದು ನಿಮಿಷದಲ್ಲಿ ಗ್ರೂಪಿಗೆ ಸೇರಿಸಿದ. 'ಗೇಟ್ ಸಿಕ್ಕ' ಎಂದು ಪಟಾಕಿ, ಡೊಳ್ಳು, ಕುಣಿಯುವ ಗೊಂಬೆಗಳು. ಹೊಸಬನಿಂದ ಅವತ್ತು ಸಂಜೆ ಬಂದ ಮೊದಲ ಮೆಸೇಜು ಒಂದು ಫೋಟೊ: ಎರಡು ಬಾಗಿಲಿನ ಭರ್ಜರಿ ಕಬ್ಬಿಣದ ಗೇಟು, ನಡುವೆ ತಗಡಿನಲ್ಲಿ ಕೊರೆದ ನವಿಲು, ಇನ್ನೂ ಕೆಂಪು ರೆಡ್ ಆಕ್ಸೈಡಿನಲ್ಲೇ ಇದೆ. ಕೆಳಗೆ "ಕೆಜಿ ಲೆಕ್ಕ, ಫಿಟ್ಟಿಂಗ್ ಸೇರಿ." ಗ್ರೂಪಿನಲ್ಲಿ ನಗುವೋ ನಗು. ನಮ್ಮ ಗೇಟ್ ಗೇಟೇ ಮಾಡ್ತಾನಂತೆ! ಹೆಸರಿಗೆ ತಕ್ಕ ಉದ್ಯೋಗ! ಇಬ್ಬರು ಆರ್ಡರು ಕೊಟ್ಟೂಬಿಟ್ಟರು. ವಿದ್ಯಾನಗರದ ಗೆಳೆಯನ ಮನೆ ಗೇಟನ್ನು ನಾನೇ ನೋಡಿದ್ದೇನೆ. ಒಂದು ಬೆರಳಿನಲ್ಲಿ ತಳ್ಳಿದರೆ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ, ಬೆಸುಗೆಯ ಗಂಟು ಕೈಗೆ ಸಿಗುವುದಿಲ್ಲ.

ಬ್ಯಾಚಿನ ಕೂಟಕ್ಕೂ ಬಂದ. ಕುಂದುವಾಡ ಕೆರೆ ಪಕ್ಕದ ಗಾಜಿನ ಮನೆಯ ಮುಂದೆ ಗ್ರೂಪ್ ಫೋಟೊ, ಆಮೇಲೆ ಒಬ್ಬರ ಅಡಿಕೆ ತೋಟದಲ್ಲಿ ಮಂಡಕ್ಕಿ ಮಿರ್ಚಿ. ಮೊಣಕೈವರೆಗೂ ಕಿಡಿ ಹಾರಿ ಸುಟ್ಟ ಚುಕ್ಕೆಗಳಿದ್ದ ಸಣಕಲು ಮನುಷ್ಯ. ಬಂದವನೇ ಅಂಗಿ ತೋಳು ಮಡಚಿ, ದೊಡ್ಡ ಬುಟ್ಟಿಯಲ್ಲಿ ಮಂಡಕ್ಕಿ ಸುರಿದು, ಈರುಳ್ಳಿ, ಹುರಿಗಡಲೆ ಪುಡಿ ಹಾಕಿ, ಕಲಸಿ ಕಲಸಿ ಎಲ್ಲರಿಗೂ ಹಾಳೆಯಲ್ಲಿ ಹಂಚಿದ. "ಎಕನಾಮಿಕ್ಸ್ ಮೇಷ್ಟ್ರು ನೆನಪದಾರಾ?" "ಅವರನ್ನ ಮರೆಯಾಕಾಗುತ್ತೇನ್ರಿ!" "ಟೂರ್‌ನಲ್ಲಿ ಬಸ್ಸು ಕೆಟ್ಟು ನಿಂತದ್ದು?" "ಅದನ್ನ ಮರೆಯಾಕಾಗುತ್ತೇನ್ರಿ!" ಎಲ್ಲರಿಗೂ ಇಷ್ಟೇ ಬೇಕಿತ್ತು ಅನ್ನಿಸುತ್ತದೆ. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಕೇಳಿದವರು ಹೆಣ್ಣುಮಕ್ಕಳು. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಈಗ ಹೈಸ್ಕೂಲಿನಲ್ಲಿ ಹೆಡ್ ಮಿಸ್ ಆಗಿರುವವರು ಕನ್ನಡಕ ಸರಿ ಮಾಡಿಕೊಂಡು, "ನೀವು ಯಾವ ಸೆಕ್ಷನ್ನು?" ಎಂದರು. ಅವನು ಮಿರ್ಚಿ ತಟ್ಟೆ ಕೆಳಗಿಟ್ಟ.

"ಮೇಡಮ್ಮಾರೆ, ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ನಿಮ್ಮ ಕಾಲೇಜಿಗೆ ಒಂದು ಸಲ ಬಂದಿದ್ದೆ, ಹಾಸ್ಟೆಲ್ ಕಿಟಕಿಗೆ ಗ್ರಿಲ್ ಹಾಕಾಕೆ."

ಗ್ರೂಪು ಅಂದರೆ ಮನೆ ಕಟ್ಟಿಸುವವರ ಗ್ರೂಪು ಅಂದುಕೊಂಡಿದ್ದನಂತೆ. ಆಮೇಲೆ ಅನುಮಾನ ಬಂತಂತೆ. ಆದರೆ ಎಲ್ಲರೂ ಅಷ್ಟು ಪ್ರೀತಿಯಿಂದ 'ಲೇ' ಅನ್ನುವಾಗ ಬಿಟ್ಟು ಹೋಗುವುದು ಹೇಗೆ? ಅಡ್ಮಿನ್ ಸ್ವಲ್ಪ ಹೊತ್ತು ಅಡಿಕೆ ಮರಗಳನ್ನೇ ನೋಡುತ್ತಾ ನಿಂತಿದ್ದು, "ಇದು ಹೊರಗೆ ಹೋಗೋದು ಬೇಡ" ಎಂದ. ಹೊರಗೆ ಅಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಅವನು ಈಗಲೂ ಗ್ರೂಪಿನಲ್ಲಿದ್ದಾನೆ. ಗುಲಾಬಿ ಹೂವು ಹಾಕುವುದಿಲ್ಲ. ಫೋನು ಮಾಡಿದರೆ "ನಾನ್ರೀ, ಗೇಟು" ಎಂದು ಮೊದಲೇ ಹೇಳುತ್ತಾನೆ. ನನ್ನ ಮಂಡಿನೋವು ಹೇಗಿದೆ ಎಂದು ಇವತ್ತಿನವರೆಗೆ ಕೇಳಿದವನು ಅವನೊಬ್ಬನೇ. ಜೊತೆಗೆ ಓದಿದವರು ಕೇಳುವುದು "ಮಗ ಎಲ್ಲಿ? ಪ್ಯಾಕೇಜ್ ಎಷ್ಟು?" ಎಂದು. ಉತ್ತರ ಮುಗಿಯುವ ಮೊದಲೇ ತಮ್ಮ ಮಗನ ಪ್ಯಾಕೇಜು ಹೇಳಿ ಮುಗಿಸಿರುತ್ತಾರೆ. ಬೆಂಗಳೂರು ಸೇರಿದವರದ್ದಂತೂ ಬೇರೆಯೇ ವರಸೆ. ವರ್ಷಕ್ಕೊಮ್ಮೆ ಬಂದು, "ಊರು ಎಲ್ಲಿತ್ತೋ ಅಲ್ಲೇ ಐತೆ, ಏನೂ ಡೆವಲಪ್ ಆಗಿಲ್ಲ" ಎಂದು ನಮ್ಮ ಮೇಲೆ ಮರುಕ ಪಡುತ್ತಾರೆ. ಅದೇ ಬಾಯಲ್ಲಿ, ಬೆಣ್ಣೆ ದೋಸೆಯ ರೇಟು ಮಾತ್ರ ಯಾಕೆ ಏರಿತು ಎಂದು ಜಗಳ ತೆಗೆಯುತ್ತಾರೆ. ಇಲ್ಲೇ ಉಳಿದವರೇನು ಇವರ ನೆನಪುಗಳಿಗೆ ಕಾವಲು ಕೂರಬೇಕೆ? ಸಂಬಳ ಯಾರು ಕೊಡುತ್ತಾರೆ?

ಹಳೆಯ ಗೆಳೆಯರ ಯೋಗಕ್ಷೇಮ ನಮಗೆ ನಿಜಕ್ಕೂ ಯಾಕೆ ಬೇಕು ಎನ್ನುವುದರ ಮೇಲೆ ಒಂದು ಗಟ್ಟಿ ಮಾತು ಹೊಳೆದಿತ್ತು. ಬರೆಯಲು ಕೂತಾಗ ಗ್ರೂಪಿನಲ್ಲಿ ಮುಂದಿನ ಕೂಟದ ಗಲಾಟೆ ಶುರುವಾಯಿತು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಹೋಗೋಣವೆಂದು ಅಡ್ಮಿನ್‌ನ ಸೂಚನೆ. "ಆ ನೀರು ದಿನಾ ನಮ್ಮ ನಲ್ಲೀಲೇ ಬರುತ್ತೆ, ಅಲ್ಲಿಗ್ಯಾಕೆ ಹೋಗಿ ನೋಡ್ಬೇಕು?" ಎಂದು ಚಿತ್ರದುರ್ಗದ ಗೆಳೆಯರ ಆಕ್ಷೇಪ. ಬಸ್ಸೋ ಕಾರೋ ಎಂದು ನಾಲ್ಕು ದಿನ ಚರ್ಚೆ. ಖಜಾಂಚಿ ಯಾರೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ: ಗೇಟ್. ತಲೆಗೆ ಇಷ್ಟು, ಊಟಕ್ಕೆ ಇಷ್ಟು, ಡೀಸೆಲ್ಲಿಗೆ ಇಷ್ಟು ಎಂದು ಅಚ್ಚುಕಟ್ಟಾಗಿ ಎಸ್ಟಿಮೇಟು ಹಾಕಿಯೂ ಬಿಟ್ಟಿದ್ದಾನೆ. ದಿನ ಗೊತ್ತಾಗಿರುವುದು ಏಪ್ರಿಲ್ ಕೊನೆಯ ಭಾನುವಾರ. ಏಪ್ರಿಲ್ ಬಿಸಿಲಲ್ಲಿ, ಐವತ್ತು ದಾಟಿದವರು, ನೆತ್ತಿಯಲ್ಲಿ ಕೂದಲಿಲ್ಲದವರು, ಕೆರೆ ಏರಿ ಮೇಲೆ ನಡೆಯುವುದು ಯಾವ ಸೀಮೆ ಬುದ್ಧಿವಂತಿಕೆ ಎಂದು ನಾನು ಗ್ರೂಪಿನಲ್ಲಿ ಸ್ವಲ್ಪ ಉದ್ದಕ್ಕೇ ಬರೆದೆ. ಹದಿನಾಲ್ಕು ಜನ ಹೆಬ್ಬೆರಳು ಎತ್ತಿದ್ದಾರೆ. ದಿನ ಯಾರೂ ಬದಲಿಸಿಲ್ಲ.