ಡೊಳ್ಳು ಬರೋತನಕ ಎತ್ತಬ್ಯಾಡ್ರಿ

ಸಭಾಂಗಣದ ಗೋಡೆಯ ಮೇಲೆ ‘ಮೊಬೈಲ್ ಸೈಲೆಂಟ್‌ನಲ್ಲಿಡಿ’ ಎಂದು ಬರೆಸಿರುವುದು ಗೋಡೆಯ ಅಂದಕ್ಕೆ. ವಿಜಯಪುರ ಜಿಲ್ಲೆಯ ಯಾವುದೇ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನೆ) ಸಭೆಗೆ ಹೋಗಿ ಕುಳಿತುಕೊಳ್ಳಿ. ಕುಡಿಯುವ ನೀರಿನ ಟ್ಯಾಂಕರ್ ಲೆಕ್ಕ ಕೇಳುವ ಹೊತ್ತಿಗೆ ಸರಿಯಾಗಿ ಮೂರನೇ ಸಾಲಿನ ಜೇಬಿನಿಂದ ರಿಂಗ್‌ಟೋನ್ ಹಾಡಿನ ಕೊಳಲು ಏಳುತ್ತದೆ.

‘ಯಾರದ್ರೀ ಅದು?’

‘ನಂದರೀ ಸಾಹೇಬ್ರ.’

‘ಎತ್ರಿ ಮತ್ತ!’

‘ಒಂದೀಟ ತಡೀರಿ, ಡೊಳ್ಳು ಬರೂದೈತಿ.’

ಡೊಳ್ಳು ಬರುವುದಿಲ್ಲ. ಮೊಬೈಲ್ ರಿಂಗಿಗೆ 30 ಸೆಕೆಂಡ್, ಸ್ಥಿರ ದೂರವಾಣಿಗೆ 60 ಸೆಕೆಂಡ್ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2019ರ ನವೆಂಬರ್‌ನಲ್ಲೇ ನಿಗದಿ ಮಾಡಿದೆ. ಹಾಡಿನ ಕೊಳಲೇ 35 ಸೆಕೆಂಡ್. ಕರೆ ಕಟ್ಟಾಗುತ್ತದೆ, ಆಚೆಯವರು ಮತ್ತೆ ಹಚ್ಚುತ್ತಾರೆ, ಮತ್ತೆ ಕೊಳಲು. ಜಿಲ್ಲೆಯ ಅರ್ಧ ಯೋಜನೆಗಳ ಹಣೆಬರಹವೂ ಇದೇ, ಪೀಠಿಕೆ ದಾಟುವುದಿಲ್ಲ.

ಸೈಲೆಂಟ್ ಮಾಡಿಸುವುದು ಸರ್ಕಾರದಿಂದ ಆಗದ ಕೆಲಸ. ರಿಂಗ್‌ಟೋನ್ ಕಾಮಗಾರಿಯ ಗುಣಮಟ್ಟವಾದರೂ ಇರಲಿ ಎಂದು ಈ ತಾಂತ್ರಿಕ ಅಂದಾಜು.

ಮೊದಲು ಕತ್ತರಿ. ಹಾಡನ್ನು ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು, ಡೊಳ್ಳು ಬೀಳುವ ಜಾಗದಿಂದಲೇ 25 ಸೆಕೆಂಡ್ ಆಯ್ದು ಉಳಿದದ್ದನ್ನು ಕಿತ್ತೊಗೆಯಬೇಕು. ಐಫೋನ್‌ನವರು ಗ್ಯಾರೇಜ್‌ಬ್ಯಾಂಡ್ ಆ್ಯಪ್‌ನಲ್ಲಿ ಮಾಡಿದರೂ ಮಿತಿ 30 ಸೆಕೆಂಡೇ. ತುಣುಕು ಚಿಕ್ಕದಾಗಿದ್ದು ಸುತ್ತಿ ಸುತ್ತಿ ಬಾರಿಸಬೇಕಾದರೆ ಓಜಿಜಿ ಎಂಬ ಕಡತ ಮಾದರಿಯಲ್ಲಿ ಉಳಿಸಿ. ಎಂಪಿ3 ಕಡತದ ತುದಿಗಳಲ್ಲಿ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ, ಪ್ರತಿ ಸುತ್ತಿಗೂ ತಾಳ ಎಡವುತ್ತದೆ. ಟಿವಿಯ ಮುಂದೆ ಫೋನ್ ಹಿಡಿದು ರೆಕಾರ್ಡ್ ಮಾಡುವ ಪದ್ಧತಿಯೂ ಇದೆ. ಅಂಥ ರಿಂಗ್‌ಟೋನ್‌ನಲ್ಲಿ ಎರಡನೇ ಚರಣಕ್ಕೆ ಕುಕ್ಕರ್ ಸೀಟಿ ಹೊಡೆಯುತ್ತದೆ. ಅದನ್ನು ಮಾತ್ರ ತಾಳ ತಪ್ಪಿತು ಎನ್ನಲಾಗದು.

ಇನ್ನು ಡೊಳ್ಳಿನ ವಿಷಯ. ಫೋನಿನ ಸ್ಪೀಕರ್ ಉಗುರಿನಷ್ಟಗಲ. ಸುಮಾರು 300 ಹರ್ಟ್ಜ್‌ಗಿಂತ ಕೆಳಗಿನ ದನಿಯನ್ನು ಗಟ್ಟಿಯಾಗಿ ಹೊರಡಿಸಲು ಬೇಕಾದಷ್ಟು ಗಾಳಿಯನ್ನು ಅದು ತಳ್ಳಲಾರದು. ಹಾಗಾಗಿ ಡೊಳ್ಳಿನ ಗುಮ್ಮು ಮಾಯ, ಕೋಲಿನ ಟಕಟಕ ಮಾತ್ರ ಬಾಕಿ. ಇದಕ್ಕೆ ಮದ್ದೆಂದು ವಾಲ್ಯೂಮ್ ಬೂಸ್ಟರ್ ಹಾಕಿಸುತ್ತಾರೆ. ದನಿಯ ಅಲೆ ಮಿತಿ ಮೀರಿದ ಕಡೆ ತಲೆ ಕತ್ತರಿಸಿದಂತಾಗಿ, ಮೊಳಗಬೇಕಾದದ್ದು ಕರಕರ ಎನ್ನುತ್ತದೆ. ಸರಿಯಾದ ದಾರಿ ಎಂದರೆ ಹೈ-ಪಾಸ್ ಫಿಲ್ಟರ್‌ನಿಂದ 300ರ ಕೆಳಗಿನದನ್ನು ತೆಗೆದು, ಆಮೇಲೆ ಮೈನಸ್ 1 ಡೆಸಿಬಲ್‌ಗೆ ನಾರ್ಮಲೈಸ್ ಮಾಡುವುದು, ಅಂದರೆ ಅತಿ ಜೋರಿನ ದನಿಯನ್ನು ಮಿತಿಗಿಂತ ತುಸು ಕೆಳಗೆ ನಿಲ್ಲಿಸುವುದು. ಹಲಗಿ, ಶಹನಾಯಿ, ಹಾರ್ಮೋನಿಯಂ ಆಯ್ದರೆ ಇಷ್ಟೂ ತಾಪತ್ರಯವಿಲ್ಲ, ಕೊನೆಯ ಸಾಲಿನವರೆಗೂ ಬೈಗುಳ ಗ್ಯಾರಂಟಿ.

ಗುಣಮಟ್ಟ ಪರೀಕ್ಷೆಗೆ ಪ್ರಯೋಗಾಲಯ ಕಟ್ಟಿಸುವ ಖರ್ಚೂ ಬೇಡ. ಮುಹಮ್ಮದ್ ಆದಿಲ್ ಶಾಹ (1627–1656) ಗೋಳಗುಮ್ಮಟವನ್ನು ಕಟ್ಟಿಸಿಟ್ಟೇ ಹೋಗಿದ್ದಾನೆ. ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಮಿಸ್ಡ್ ಕಾಲ್ ಕೊಡಿಸಿದರೆ ಏಳು ಸಲ ವರದಿ ಬರುತ್ತದೆ, ಅದೂ ಲಂಚವಿಲ್ಲದೆ.

ತಯಾರಾದ ಕಡತವನ್ನು ಆಂಡ್ರಾಯ್ಡ್ ಫೋನಿನ ರಿಂಗ್‌ಟೋನ್ಸ್ ಫೋಲ್ಡರ್‌ಗೆ ಹಾಕಿ. ವಾಟ್ಸ್ಯಾಪ್‌ನಲ್ಲಿ ಬಂದದ್ದು ಅಲ್ಲೇ ಬಿದ್ದಿದ್ದರೆ ಹಲವು ಫೋನ್‌ಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಮೆಮೊರಿ ತುಂಬಿತೆಂದು ಸ್ವಚ್ಛತಾ ಅಭಿಯಾನ ನಡೆಸಿದ ದಿನ ಅದೂ ಅಳಿಸಿಹೋಗಿ ಮತ್ತೆ ಕಂಪನಿ ಟ್ಯೂನೇ ಗತಿ.

ಒಬ್ಬೊಬ್ಬರಿಗೆ ಒಂದೊಂದು ಟ್ಯೂನ್ ಕೊಡುವ ಸೌಲಭ್ಯ ಕಾಂಟ್ಯಾಕ್ಟ್ ತೆರೆದರೆ ಮೆನುವಿನಲ್ಲೇ ಇದೆ. ನಂಬರ್ ಮಾತ್ರ ಸಿಮ್‌ನಲ್ಲಿರದೆ ಫೋನ್‌ನಲ್ಲೋ ಗೂಗಲ್ ಖಾತೆಯಲ್ಲೋ ಸೇವ್ ಆಗಿರಬೇಕು. ಅಧಿಕಾರಿಗಳು ಇದನ್ನು ಸದ್ಬಳಕೆ ಮಾಡಿಕೊಂಡಿದ್ದಾರೆ: ಮನೆಯವರಿಗೆ ಭಕ್ತಿಗೀತೆ, ಮೇಲಿನ ಸಾಹೇಬರಿಗೆ ಗಂಟೆ, ಗುತ್ತಿಗೆದಾರರಿಗೆ ಶಹನಾಯಿ. ಶಹನಾಯಿ ಕೇಳಿದೊಡನೆ ಸಭೆಯಲ್ಲಿ ಎಲ್ಲರೂ ದಾರಿ ಬಿಡುತ್ತಾರೆ, ಸಾಹೇಬರು ವರಾಂಡಕ್ಕೆ ನಡೆಯುತ್ತಾರೆ. ಆ ಟ್ಯೂನಿಗೆ 25 ಸೆಕೆಂಡ್ ಕತ್ತರಿಸುವ ಶ್ರಮ ವ್ಯರ್ಥ, ಎರಡು ಸೆಕೆಂಡ್ ಧಾರಾಳವಾಯಿತು.